ಅಪ್ಪನ ಟಾಟಾ ಎಸ್ಟೇಟ್‌ಗೆ ಸುಮೋ ಎಂಜಿನ್ ಕೂರಿಸಬಹುದಾ?

ಸೋಂದಾ ಕಡೆಯವಳು, ಶಿರಸಿ

ನಮ್ಮನೆಯಲ್ಲಿ 1995ರ ಟಾಟಾ ಎಸ್ಟೇಟ್ ಕಾರು ಇದೆ. 1948 ಸಿಸಿ ಡೀಸೆಲ್, ಟರ್ಬೊ ಇಲ್ಲದ್ದು. ಅಡಕೆಗೆ ಒಳ್ಳೆ ರೇಟು ಸಿಕ್ಕಿದ್ದ 1999ರಲ್ಲಿ ಅಪ್ಪ ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದು. ಹಿಂದಿನ ಸೀಟು ಮಡಚಿದರೆ ನಾಲ್ಕು ಚೀಲ ಅಡಕೆ ನಿರಾಳವಾಗಿ ಹಿಡಿಯುತ್ತದೆ. ಅಜ್ಜಿಯನ್ನು ಹಾಸಿಗೆ ಸಮೇತ ಮಲಗಿಸಿಕೊಂಡು ಮಣಿಪಾಲಕ್ಕೆ ಕರೆದುಕೊಂಡು ಹೋದದ್ದು ಇದರಲ್ಲೇ. ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಬರುವಾಗ ನಾವು ಮಕ್ಕಳೆಲ್ಲ ಹಿಂದೆ ಕಂಬಳಿ ಹಾಸಿಕೊಂಡು ನಿದ್ದೆ ಹೊಡೆದದ್ದೂ ಇದರಲ್ಲೇ. ಅಪ್ಪ ಹೋಗಿ ಆರು ವರ್ಷ ಆಯಿತು. ಈಗ ತೋಟವೂ ಗಾಡಿಯೂ ನನ್ನ ಕೈಯಲ್ಲಿದೆ.

ಮೇ ತಿಂಗಳಲ್ಲಿ ಕುಮಟಾದ ಮದುವೆ ಮುಗಿಸಿ ವಾಪಸು ಬರ್ತಾ ಇದ್ದೆವು. ಐದು ಜನ, ಹಿಂದೆ ಎರಡು ಚೀಲ ತೆಂಗಿನಕಾಯಿ. ದೇವಿಮನೆ ಘಾಟಿ ಅರ್ಧ ಹತ್ತಿದಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ, ನಾನು ತಿರುವುಗಳನ್ನು ನೋಡ್ತಾ ಮುಳ್ಳಿನ ಕಡೆ ನೋಡಿರಲೇ ಇಲ್ಲ. ನಿಲ್ಲಿಸಿ ಬಾನೆಟ್ ಎತ್ತಿದರೆ ರೇಡಿಯೇಟರಿನ ಕೆಳಗಿನ ಹೋಸ್ ಕ್ಲಿಪ್ಪಿನ ಹತ್ತಿರ ಸೀಳಿ ನೀರೆಲ್ಲ ಖಾಲಿ. ಹಳೆ ಟವೆಲ್ ಹರಿದು ಹೋಸಿಗೆ ಬಿಗಿಯಾಗಿ ಸುತ್ತಿ, ಹತ್ತು ನಿಮಿಷ ಬಿಟ್ಟು ಪಕ್ಕದ ಹಳ್ಳದ ನೀರು ತಂದು ಹೊಯ್ದೆ. ಬಿಸಿ ಎಂಜಿನ್ನಿಗೆ ತಣ್ಣೀರು ಹೊಯ್ಯಬಾರದು ಎಂದು ಅಪ್ಪ ನೂರು ಸಲ ಹೇಳಿದ್ದು ಗೊತ್ತಿದ್ದೂ, ಕತ್ತಲಾಗ್ತಾ ಬಂತು, ಚಿಕ್ಕ ಮಕ್ಕಳಿದ್ದಾರೆ ಅಂತ ಹೊಯ್ದುಬಿಟ್ಟೆ. ಬಿಳಿ ಹೊಗೆ ಬಿಡ್ತಾ ಹೇಗೋ ಮನೆ ಮುಟ್ಟಿತು. ಮರುದಿನ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲಿಗೆ ನೀರು ಸೇರಿ ಹಾಲು ಹಾಕಿದ ಕಷಾಯದ ಬಣ್ಣ.

ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಇಳಿಸಿ ನೋಡಿದ್ದೇವೆ. ಮೂರನೇ ಸಿಲಿಂಡರಿನ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಂಥ ಬಿರುಕು. ಅದೇ ಸಿಲಿಂಡರಿನ ಒಳಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಗೀರು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಈ ಬ್ಲಾಕ್ ಈಗಾಗಲೇ ಎರಡು ಸಲ ಬೋರ್ ಆಗಿದೆ, ಅಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡಿದ್ದಾರೆ, ಇನ್ನು ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್, ಹಾಕದೆ ದಾರಿಯಿಲ್ಲ ಅನ್ನುತ್ತಾರೆ ನಮ್ಮ ಮಿಸ್ತ್ರಿ. ಸ್ಲೀವ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಬೇರೆ ಹೆಡ್ ಎಲ್ಲ ಸೇರಿ ತೊಂಬತ್ತು ಸಾವಿರದ ಲೆಕ್ಕ ಕೊಟ್ಟಿದ್ದಾರೆ. ಹುಬ್ಬಳ್ಳಿಯಲ್ಲಿ ಗುಜರಿಗೆ ಬಂದ ಒಂದು ಸುಮೋದ ಎಂಜಿನ್ ನಲವತ್ತೈದಕ್ಕೆ ಇದೆಯಂತೆ. ಅದೂ 1948 ಸಿಸಿ, ಟರ್ಬೊ ಇಲ್ಲ.

ಇದು ನೇರವಾಗಿ ಕೂರುತ್ತದಾ? ಕೊಳ್ಳುವ ಮೊದಲು ಏನೇನು ನೋಡಬೇಕು? ಆರ್‌ಟಿಓದಲ್ಲಿ ತೊಂದರೆ ಆಗ್ತದಾ? ಮಾರಿಬಿಡಿ ಅನ್ನುವ ಸಲಹೆ ಮಾತ್ರ ಬೇಡ, ಮನೆಯಲ್ಲಿ ಎಲ್ಲರೂ ಅದನ್ನೇ ಹೇಳ್ತಾ ಇದ್ದಾರೆ.

ಶರಾವತಿ ದಂಡೆ, ಹೊನ್ನಾವರ

ಕೂರುತ್ತದೆ. ನನ್ನ ಎಸ್ಟೇಟ್‌ಗೆ ಇದೇ ಕೆಲಸ ಮಾಡಿಸಿ ಏಳು ವರ್ಷ ಆಯಿತು, ಗೇರುಸೊಪ್ಪ ಘಾಟಿಯನ್ನು ತಿಂಗಳಿಗೆ ನಾಲ್ಕು ಸಲ ಹತ್ತುತ್ತೇನೆ. ಎಸ್ಟೇಟ್, ಸಿಯೆರಾ, ಹಳೆ ಸುಮೋ ಎಲ್ಲದರಲ್ಲೂ ಟಾಟಾದವರು 483 ಅನ್ನುವ ಇದೇ ಎಂಜಿನ್ ಹಾಕಿದ್ದು. ಮೂರೂ ಹಿಂದಿನ ಚಕ್ರ ತಿರುಗುವ ಗಾಡಿಗಳು, ಎಂಜಿನ್ ಉದ್ದಕ್ಕೆ ಕೂರುತ್ತದೆ. ಆದರೆ "ಒಂದೇ ಎಂಜಿನ್" ಅಂದ ಮಾತ್ರಕ್ಕೆ ಎಲ್ಲ ಬೋಲ್ಟೂ ಒಂದೇ ಜಾಗಕ್ಕೆ ಬರುತ್ತದೆ ಎಂದುಕೊಳ್ಳಬೇಡಿ. ಹಳೆ ಎಂಜಿನ್ನನ್ನು ಗುಜರಿಗೆ ಕೊಡದೆ ಹೊಸದರ ಪಕ್ಕ ಇಟ್ಟುಕೊಳ್ಳಿ. ಮೌಂಟ್ ಬ್ರ್ಯಾಕೆಟ್, ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ), ಫ್ಯಾನ್, ಆಲ್ಟರ್ನೇಟರ್ ಬ್ರ್ಯಾಕೆಟ್ ನಾಲ್ಕನ್ನೂ ಟೇಪ್ ಹಿಡಿದು ಅಳೆಯಿರಿ. ಅಳತೆ ಬೇರೆ ಬಂದದ್ದನ್ನು ನಿಮ್ಮದರಿಂದ ಬಿಚ್ಚಿ ಅದಕ್ಕೆ ಹಾಕಿ. ನನ್ನದರಲ್ಲಿ ಸಂಪ್ ಬದಲಿಸದೆ ಇಳಿಸಲು ಹೋಗಿ, ಅರ್ಧ ದಿನ ಎಂಜಿನ್ ಚೈನಿನಲ್ಲಿ ನೇತಾಡಿತು.

ಕೊಳ್ಳುವ ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ, ನೋಡಲೇಬೇಕು. ಪೆಟ್ರೋಲ್ ಗಾಡಿಯ ಗೇಜ್ ನಡೆಯುವುದಿಲ್ಲ, ಡೀಸೆಲ್ಲಿನದೇ ಬೇಕು. ಹೀಟರ್ ಪ್ಲಗ್ ಬಿಚ್ಚಿ ಆ ತೂತಿಗೆ ಹಾಕುತ್ತಾರೆ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇರಬೇಕು, ಒಂದಕ್ಕೊಂದು ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಟ್ಟು ಬನ್ನಿ. ಅಲ್ಲೇ ಒಂದು ಬ್ಯಾಟರಿ, ಒಂದು ಕ್ಯಾನ್ ಡೀಸೆಲ್ ಕೊಟ್ಟು ಸ್ಟಾರ್ಟ್ ಮಾಡಿಸಲು ಒಪ್ಪಿದರೆ ಇನ್ನೂ ಒಳ್ಳೆಯದು. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಹಾಗೇ ಬಾಯಿ ಮೇಲೆ ಇಡಿ. ಮುಚ್ಚಳ ಸುಮ್ಮನೆ ಅದುರಿದರೆ ಚಿಂತೆ ಇಲ್ಲ, ಎಗರಿ ಬಿದ್ದು ಪುಸುಪುಸು ಹೊಗೆ ಬಂದರೆ ಒಳಗೆ ಪಿಸ್ಟನ್ ರಿಂಗ್ ಸವೆದು ಮುಗಿದಿದೆ. ಸ್ಟಾರ್ಟ್ ಮಾಡಿ ತೋರಿಸುವುದಿಲ್ಲ ಅಂದರೆ ಸಂಪ್ ಬಿಚ್ಚಿಸಿ ಬೇರಿಂಗ್ ನೋಡಿ. ಅದಕ್ಕೂ ಒಪ್ಪದವನ ಹತ್ತಿರ ವ್ಯಾಪಾರ ಬೇಡ.

ಎಂಜಿನ್ ನೆಲದ ಮೇಲಿರುವಾಗಲೇ ಮಾಡಿಬಿಡಬೇಕಾದ ಕೆಲಸ ಕೆಲವಿದೆ. ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್ ತುದಿಯ ಸಣ್ಣ ಸ್ಪಿಗಾಟ್ ಬೇರಿಂಗ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಅದೊಂದಕ್ಕಾಗಿ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಕ್ಲಚ್ ಪ್ಲೇಟನ್ನು ಮೊದಲು ನಿಮ್ಮ ಗೇರ್‌ಬಾಕ್ಸ್ ಶಾಫ್ಟಿಗೆ ತೂರಿಸಿ ನೋಡಿ, ಹಲ್ಲು ಸಲೀಸಾಗಿ ಜಾರಬೇಕು.

ವೈರಿಂಗ್‌ಗೆ ಹೆದರಬೇಡಿ. ಇದರಲ್ಲಿ ಕಂಪ್ಯೂಟರ್ ಇಲ್ಲ. ಸ್ಟಾರ್ಟರ್, ಆಲ್ಟರ್ನೇಟರ್, ಹೀಟರ್ ಪ್ಲಗ್, ಆಯಿಲ್ ಪ್ರೆಶರ್, ಟೆಂಪರೇಚರ್, ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್, ಅಷ್ಟೇ. ಬಿಚ್ಚುವಾಗ ಒಂದೊಂದಕ್ಕೂ ಬಟ್ಟೆ ಪಟ್ಟಿ ಕಟ್ಟಿ ಹೆಸರು ಬರೆಯಿರಿ. ಬಿಸಿ ಎಷ್ಟೆಂದು ಮೀಟರಿಗೆ ತಿಳಿಸುವ ಟೆಂಪರೇಚರ್ ಸೆಂಡರ್ ಮಾತ್ರ ನಿಮ್ಮ ಹಳೆಯದನ್ನೇ ಹಾಕಿ. ಬೇರೆ ಗಾಡಿಯ ಸೆಂಡರ್ ನಿಮ್ಮ ಮೀಟರಿಗೆ ಹೊಂದದೆ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಘಾಟಿಯಲ್ಲಿ ನಿಮಗೆ ಆದದ್ದು ಓದಿದ ಮೇಲೆ ಇದನ್ನು ಒತ್ತಿ ಹೇಳ್ತಾ ಇದ್ದೇನೆ.

ವೆಲ್ಡಿಂಗ್ ಕೆಲಸದವ, ಕಾರವಾರ

ಎಂಜಿನ್ನಿಗೆ ಅಡ್ವಾನ್ಸ್ ಕೊಡುವ ಮೊದಲು ಗಾಡಿ ಎತ್ತಿ ಕೆಳಗೆ ನೋಡಿ ಅಕ್ಕಾ. ನಮ್ಮಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಮೇಲೆ ಉಪ್ಪು ಗಾಳಿ. ಒಳ್ಳೆ ಎಂಜಿನ್ ಇದ್ದೂ ಅಡಿ ತಿಂದು ಹೋದ ಗಾಡಿಗಳೇ ನನ್ನ ಶೆಡ್ಡಿಗೆ ಬರುವುದು. ನಿಮ್ಮದು ಘಟ್ಟದ ಮೇಲಿನ ಗಾಡಿ, ಸ್ವಲ್ಪ ಚೆನ್ನಾಗಿರಬಹುದು. ಆದರೂ ಎಂಜಿನ್ ಮೌಂಟ್ ಕೂರುವ ಅಡ್ಡಪಟ್ಟಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬಾಗಿಲಿನ ಕೆಳಗಿನ ಅಂಚು ಇವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟುತ್ತಾ ಹೋಗಿ. ಟಣ್ ಅಂದರೆ ತಗಡು ಜೀವಂತ ಇದೆ, ಡಬ್ ಅಂದರೆ ಬಣ್ಣದ ಹಿಂದೆ ಏನೂ ಉಳಿದಿಲ್ಲ. ಎಂಜಿನ್ ಇಳಿದಿರುವಾಗ ಅದು ಕೂರುವ ಜಾಗ ಪೂರ್ತಿ ಖಾಲಿ ಇರುತ್ತದೆ, ವೆಲ್ಡ್ ಮಾಡಲು ಅದಕ್ಕಿಂತ ಒಳ್ಳೆ ಹೊತ್ತು ಮತ್ತೆ ಸಿಗುವುದಿಲ್ಲ. ಬ್ಯಾಟರಿ ತಟ್ಟೆಯ ಅಡಿ ಮರೆಯದೆ ನೋಡಿ, ಆಸಿಡ್ ಸೋರಿ ಅಲ್ಲೇ ಮೊದಲು ತಿನ್ನುವುದು.

ಕಾಗದಪತ್ರದವರು, ಶಿರಸಿ

ಆರ್‌ಟಿಓ ಬಗ್ಗೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ನಿಮಗೆ ಸಂಬಂಧಪಟ್ಟದ್ದು. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರಬಾರದು. ಅದೇ ಕಂಪನಿ, ಅದೇ ಇಂಧನ, ಅದೇ ಸಿಸಿ ಎಂಜಿನ್ ಹಾಕುವುದಾದರೆ ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಬೇಕು. ಅನುಮತಿ ಕೇಳಿ ಅರ್ಜಿ ಕೊಟ್ಟ ಮೇಲೇ ಎಂಜಿನ್ ಇಳಿಸಿ. ಅನುಮತಿ ಇಲ್ಲದೆ ಬದಲಿಸಿದ್ದರೆ 14 ದಿನದೊಳಗೆ ತಿಳಿಸಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮದು ಕೆಎ-31 ಆದರೆ ಕೆಲಸ ಶಿರಸಿಯಲ್ಲೇ ಆಗುತ್ತದೆ.

ಮುಖ್ಯ ವಿಷಯ ಎಂಜಿನ್ ಎಲ್ಲಿಂದ ಬಂತು ಅನ್ನುವುದು. ನಂಬರ್ ಬರೆದ ಬಿಲ್, ಆ ಸುಮೋದ ಆರ್‌ಸಿ ಪ್ರತಿ, ಅದರ ನೋಂದಣಿ ರದ್ದಾದ ಕಾಗದ ಮೂರೂ ಇಲ್ಲದೆ ಹಣ ಕೊಡಬೇಡಿ. ಬ್ಲಾಕ್ ಮೇಲಿನ ನಂಬರನ್ನು ನೀವೇ ಒರೆಸಿ, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆದುಕೊಳ್ಳಿ. ಗ್ರೈಂಡರ್ ಆಡಿಸಿದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ. ವಿಮೆಯವರಿಗೂ ತಿಳಿಸಿ.

ಅರಬೈಲ್ ಇಳಿಜಾರು, ಯಲ್ಲಾಪುರ

ಇಷ್ಟೆಲ್ಲ ಖರ್ಚು ಮಾಡುವವರು ಟರ್ಬೊ ಇರುವ ಎಂಜಿನ್ನೇ ಹಾಕಿಸಿ. ಘಾಟಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ ತೆವಳುವುದು ತಪ್ಪುತ್ತದೆ.

ಶರಾವತಿ ದಂಡೆ, ಹೊನ್ನಾವರ

ಆಸೆ ನನಗೂ ಇತ್ತು. ಆದರೆ ಟರ್ಬೊ ಹಾಕಿದರೆ ಹೆಚ್ಚು ಬಿಸಿ, ಅದಕ್ಕೆ ದೊಡ್ಡ ರೇಡಿಯೇಟರ್, ಕ್ಲಚ್ಚೂ ಬೇರೆ, ಸೈಲೆನ್ಸರ್ ಪೈಪ್ ಹೊಸದಾಗಿ ಬಗ್ಗಿಸಬೇಕು. ಬ್ರೇಕ್ ಮಾತ್ರ ಹಳೆಯದೇ. ಆರ್‌ಸಿಯಲ್ಲಿ ಇಲ್ಲದ ಎಂಜಿನ್ ಬೇರೆ. ಈ ಗಾಡಿ ಎರಡನೇ ಗೇರಿನಲ್ಲೇ ಘಾಟಿ ಹತ್ತಲಿ, ಹತ್ತಿ ಮುಟ್ಟಲಿ.

ಸೋಂದಾ ಕಡೆಯವಳು, ಶಿರಸಿ

ನಾಲ್ಕು ತಿಂಗಳ ಮೇಲೆ ಬರೀತಾ ಇದ್ದೇನೆ. ಎಲ್ಲರ ಮಾತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ.

ಹುಬ್ಬಳ್ಳಿಯ ಆ ಮೊದಲ ಎಂಜಿನ್ ಬಿಟ್ಟೆ. ಬ್ಲಾಕ್ ಮೇಲೆ ನಂಬರ್ ಇರುವ ಜಾಗ ಹೊಳೀತಾ ಇತ್ತು, ಸುತ್ತ ಮಾತ್ರ ಮೂವತ್ತು ವರ್ಷದ ಜಿಡ್ಡು. ಕೇಳಿದರೆ "ತೊಳೆದದ್ದು" ಅಂದರು. ಕಾಗದಪತ್ರದವರು ಹೇಳಿರದಿದ್ದರೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದೇ ತಿಳಿಯುತ್ತಿದ್ದೆ. ಮೂರು ವಾರ ಹುಡುಕಿದ ಮೇಲೆ ಇನ್ನೊಂದು ಸಿಕ್ಕಿತು, ಐವತ್ತೆರಡು ಸಾವಿರ, ಮೂರೂ ಕಾಗದ ಸಮೇತ. ಕಂಪ್ರೆಶನ್ ನಾಲ್ಕರಲ್ಲೂ ಹೆಚ್ಚು ಕಡಿಮೆ ಒಂದೇ. ಮುಚ್ಚಳ ಬಾಯಿ ಮೇಲೇ ಕೂತು ಅದುರುತ್ತಿತ್ತು.

ಗಾಡಿ ಕೊಟ್ಟಿಗೆ ಪಕ್ಕದ ಮಾಡಿನಲ್ಲೇ ಇತ್ತು, ಮಳೆಗಾಲ ಪೂರ್ತಿ ಕೆಲಸ ಅಲ್ಲೇ ನಡೆಯಿತು. ಹಲಸಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಇಳಿಸಿದೆವು. ತೊಲೆಯ ಕೆಳಗೆ ಎರಡೂ ಕಡೆ ಕಂಬ ಕೊಟ್ಟ ಮೇಲೆಯೇ ಮಿಸ್ತ್ರಿ ಪುಲ್ಲಿಗೆ ಕೈ ಹಾಕಿದ್ದು. ಸಂಪ್ ಮತ್ತು ಎಡಗಡೆಯ ಮೌಂಟ್ ನಮ್ಮದನ್ನೇ ಹಾಕಬೇಕಾಯಿತು. ಬ್ಯಾಟರಿ ತಟ್ಟೆಯ ಅಡಿ, ವೆಲ್ಡಿಂಗ್ ಅಣ್ಣ ಹೇಳಿದ ಹಾಗೆ, ಬೆರಳು ಒತ್ತಿದರೆ ಒಳಗೆ ಹೋಯಿತು. ಅಲ್ಲಿಗೆ ಹೊಸ ತಗಡು ಕೂರಿಸಿದ್ದೇವೆ.

ರೇಡಿಯೇಟರ್ ಬಿಚ್ಚಿಸಿ ನೋಡಿದಾಗ ಅರ್ಧಕ್ಕರ್ಧ ಕೊಳವೆಗಳು ಕೆಂಪು ಕೆಸರಿನಿಂದ ಕಟ್ಟಿಹೋಗಿದ್ದವು. ಹೋಸ್ ಒಡೆದದ್ದು ಆ ದಿನ ಇರಬಹುದು, ಎಂಜಿನ್ ಕುದಿಯಲು ಶುರುವಾದದ್ದು ಮಾತ್ರ ಬಹಳ ವರ್ಷದ ಹಿಂದೆ. ಅಷ್ಟು ವರ್ಷ ನಾವು ಬಾವಿ ನೀರು, ಹಳ್ಳದ ನೀರು, ಯಾವ ನೀರು ಸಿಕ್ಕಿತೋ ಅದನ್ನೇ ಹಾಕಿದ್ದು. ಕೋರ್ ಹೊಸದು ಹಾಕಿಸಿ, ಕೂಲೆಂಟ್ ಜೊತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮಾತ್ರ ತುಂಬಿಸಿದ್ದೇನೆ. ನಾಲ್ಕು ಹೋಸ್, ಥರ್ಮೋಸ್ಟಾಟ್, ವಾಟರ್ ಪಂಪ್ ಎಲ್ಲ ಹೊಸತು. ಒಟ್ಟು ಖರ್ಚು ಸ್ಲೀವ್ ಹಾಕಿಸುವ ಲೆಕ್ಕವನ್ನು ಸ್ವಲ್ಪ ದಾಟಿತು, ಅದಕ್ಕೆ ಬೇಸರವಿಲ್ಲ.

ಹೊಸ ನಂಬರ್ ಆರ್‌ಸಿಗೆ ಏರಿದೆ. ಅಪ್ಪನ ಹಳೆ ಬ್ಲಾಕನ್ನು ಕೊಟ್ಟಿಲ್ಲ. ಆಯಿಲ್ ಸವರಿ, ಗೋಣಿಚೀಲ ಸುತ್ತಿ ಅಟ್ಟದ ಕೆಳಗೆ ಇಟ್ಟಿದ್ದೇನೆ. ಕೈಯಲ್ಲಿ ಹಣ ಆದಾಗ ಸ್ಲೀವ್ ಹಾಕಿಸುತ್ತೇನೆ.

ಕಳೆದ ಭಾನುವಾರ ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಮಟಾಕ್ಕೆ ಇಳಿದು ವಾಪಸು ಹತ್ತಿದೆ. ದೇವಿಮನೆಯ ಆ ತಿರುವಿನಲ್ಲಿ ಮುಳ್ಳು ನಟ್ಟನಡುವೆ ಇತ್ತು, ಮೇಲೆ ಬಂದ ಮೇಲೂ ಅಲ್ಲೇ ಇತ್ತು. ಆಯಿ ರಸ್ತೆ ನೋಡದೆ ದಾರಿಯುದ್ದಕ್ಕೂ ಆ ಮುಳ್ಳನ್ನೇ ನೋಡ್ತಾ ಕೂತಿದ್ದಳು.

ಒಂದೇ ಒಂದು ಉಳಿದಿದೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ನೆಲದಿಂದ ಸಣ್ಣ ನಡುಕ ಬರುತ್ತದೆ, ಎಕ್ಸಲರೇಟರ್ ಬಿಟ್ಟರೆ ನಿಲ್ಲುತ್ತದೆ. ಕ್ಲಚ್ ಅಲ್ಲ ಅನ್ನುತ್ತಾರೆ ಮಿಸ್ತ್ರಿ.

ಶರಾವತಿ ದಂಡೆ, ಹೊನ್ನಾವರ

ಗೇರ್‌ಬಾಕ್ಸ್ ಹಿಂದಿನ ಮೌಂಟಿನ ರಬ್ಬರ್ ಬದಲಿಸಿದ್ದೀರಾ? ಅದು ಸರಿ ಇದ್ದರೆ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ಹಿಡಿದು ಅಲ್ಲಾಡಿಸಿ ನೋಡಿ. ಗಾಡಿ ನ್ಯೂಟ್ರಲ್‌ನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು.