ಏಳನೇ ತರಗತಿಗೆ ವಾದದ ಭಾಗಗಳನ್ನು ಕಲಿಸುವುದು ಹೇಗೆ? ನನ್ನ ಮಕ್ಕಳು ಬರೀ ಭಾಷಣ ಮಾಡುತ್ತಾರೆ

ಸಿಂಧನೂರು ಅತಿಥಿ ಶಿಕ್ಷಕಿ:

ಎಲ್ಲ ಗುರುಗಳಿಗೂ ನಮಸ್ಕಾರ. ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಕನ್ನಡದ ಜೊತೆಗೆ ಸಮಾಜ ವಿಜ್ಞಾನವೂ ನನ್ನ ಪಾಲಿಗೆ ಬಂದಿದೆ. ಏಳನೇ ತರಗತಿಯಲ್ಲಿ ಕಳೆದ ವಾರ ಒಂದು ಚರ್ಚೆ ಇಟ್ಟೆ. ವಿಷಯವನ್ನು ಮಕ್ಕಳೇ ಆರಿಸಿಕೊಂಡರು: ‘ಮಾರ್ಚ್ ಬಂದ ಕೂಡಲೇ ಶಾಲೆಯನ್ನು ಬೆಳಗಿನ ಹೊತ್ತು ನಡೆಸಬೇಕು.’ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಒಳ್ಳೆಯ ವಿಷಯ ಎಂದುಕೊಂಡೆ.

ಮೊದಲ ಹುಡುಗ ಎದ್ದು ನಿಂತು ‘ಮಾನ್ಯ ನಿರ್ಣಾಯಕರೇ, ನನ್ನ ನೆಚ್ಚಿನ ಸಹಪಾಠಿಗಳೇ’ ಎಂದು ಶುರು ಮಾಡಿದ. ನಿರ್ಣಾಯಕರು ಯಾರೂ ಇರಲಿಲ್ಲ, ನಾನೊಬ್ಬಳೇ ಇದ್ದೆ. ಒಂದು ವಚನ ಹೇಳಿದ, ಕೈ ಎತ್ತಿ ‘ಬೆಳಗಿನ ಶಾಲೆ ಬೇಕೇ ಬೇಕು!’ ಎಂದು ಕೂಗಿ ಕುಳಿತ. ಯಾಕಪ್ಪಾ ಎಂದು ಕೇಳಿದರೆ ‘ಬಿಸಿಲು ಜಾಸ್ತಿ ಟೀಚರ್’ ಎಂದ. ಜಾಸ್ತಿ ಎಂದು ಹೇಗೆ ಹೇಳುತ್ತೀಯಾ ಎಂದರೆ ‘ಬಹಳ ಬಿಸಿಲು ಇರುತ್ತದಲ್ಲ, ಅದಕ್ಕೆ’ ಎಂದ. ಎರಡನೆಯವನ ಉತ್ತರ ‘ಎಲ್ಲರೂ ಹಾಗೇ ಹೇಳುತ್ತಾರೆ’. ಮೂರನೆಯವಳು ಮಾತ್ರ ‘ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಯವರಿಗೆ ಬೆಳಿಗ್ಗೆ ಎಂಟರಿಂದ ಒಂದೂವರೆಯವರೆಗೆ ಕೆಲಸ, ನಮಗೇಕೆ ಇಲ್ಲ?’ ಎಂದು ಕೇಳಿದಳು. ಅದರಲ್ಲಿ ಏನೋ ಇದೆ ಎನಿಸಿತು. ಆದರೆ ಅದನ್ನು ಹಿಡಿದು ಮುಂದೆ ನಡೆಸುವುದು ಹೇಗೆಂದು ತಿಳಿಯಲಿಲ್ಲ.

ಪ್ರತಿಪಾದನೆ, ಕಾರಣ, ಪುರಾವೆ, ಪ್ರತಿವಾದ ಎಂದು ಹಲಗೆಯ ಮೇಲೆ ಬರೆಸಿದ್ದೇನೆ. ಎಲ್ಲರಿಗೂ ಬಾಯಿಪಾಠ ಬರುತ್ತದೆ. ಮಾತನಾಡಲು ನಿಂತರೆ ಮತ್ತೆ ಅದೇ ಕೂಗು. ಅನುಭವಿಗಳು ದಾರಿ ತೋರಿಸಬೇಕು.

ಮಸ್ಕಿಯ ನಿವೃತ್ತ ಮೇಷ್ಟ್ರು:

ಟೀಚರ್, ಮಕ್ಕಳನ್ನು ಬೈಯಬೇಡಿ. ವರ್ಷವಿಡೀ ನಾವು ಅವರಿಗೆ ಭಾಷಣ ಕಲಿಸುತ್ತೇವೆ, ಕಂಠ ಚೆನ್ನಾಗಿದ್ದವರಿಗೆ ಬಹುಮಾನ ಕೊಡುತ್ತೇವೆ. ಆಮೇಲೆ ವಾದ ಮಾಡುವುದಿಲ್ಲ ಎಂದು ದೂರುತ್ತೇವೆ.

ಹಲಗೆ ಒರೆಸಿಬಿಡಿ. ಭಾಗಗಳ ಹೆಸರು ಕೊನೆಗೆ ಬರಲಿ. ಮೊದಲು ನಿಜವಾಗಿ ನಡೆದ ಒಂದು ವಾದವನ್ನು ಅವರ ಮುಂದೆ ಬಿಚ್ಚಿಡಿ. ಅದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಮಸ್ಕಿ ನಿಮ್ಮ ಪಕ್ಕದ ತಾಲ್ಲೂಕು.

ಕಥೆಯನ್ನು ಹೀಗೆ ಹೇಳಿ. ದೇಶದ ಉದ್ದಗಲಕ್ಕೂ ಬಂಡೆ, ಕಂಬಗಳ ಮೇಲೆ ಒಬ್ಬ ರಾಜನ ಮಾತುಗಳಿವೆ. ತನ್ನ ಹೆಸರನ್ನು ಮಾತ್ರ ಅವನು ಹೆಚ್ಚಿನ ಕಡೆ ಹೇಳುವುದಿಲ್ಲ. ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಳ್ಳುತ್ತಾನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಅಕ್ಷರಗಳನ್ನು ಓದಿದರು. ಓದಿದ ಮೇಲೆ ಈತ ಯಾರು ಎಂಬ ಪ್ರಶ್ನೆ ಎದ್ದಿತು. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜನಿದ್ದ, ಅವನೇ ಇರಬೇಕು ಎಂದು ಪ್ರಿನ್ಸೆಪ್ ಮೊದಲು ಊಹಿಸಿದರು. ಆಗ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ದೀಪವಂಸ ಎಂಬ ಪಾಲಿ ಗ್ರಂಥದಲ್ಲಿ ಅಶೋಕನನ್ನೇ ಪಿಯದಸ್ಸಿ ಎಂದು ಕರೆದಿರುವುದನ್ನು ತೋರಿಸಿದರು. ಊಹೆ ಬದಲಾಯಿತು. ಆದರೆ ಬಂಡೆಯ ಮೇಲೆ ಅಶೋಕನ ಹೆಸರು ಎಲ್ಲಿಯೂ ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡರು. ಅದರ ಆರಂಭದಲ್ಲೇ ಇತ್ತು: ‘ದೇವಾನಂಪಿಯಸ ಅಸೋಕಸ’.

ಇಲ್ಲಿಗೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪಾಠ ಮುಗಿಯಿತು ಎಂದುಕೊಳ್ಳುತ್ತಾರೆ. ಬಿಡಬೇಡಿ, ಪಾಠ ಶುರುವಾಗುವುದೇ ಇಲ್ಲಿ. ‘ಆ ಶಾಸನಗಳನ್ನೆಲ್ಲ ಬರೆಸಿದವನು ಅಶೋಕ’ ಎನ್ನುವುದು ಪ್ರತಿಪಾದನೆ. ಮಸ್ಕಿಯ ಕಲ್ಲು ಪುರಾವೆ. ಈಗ ಕೇಳಿ: ‘ಮಸ್ಕಿಯ ಕಲ್ಲಿನಲ್ಲಿ ಅಶೋಕ ಎಂದಿದ್ದರೆ, ಮಧ್ಯಪ್ರದೇಶದ ರೂಪನಾಥದ ಕಲ್ಲನ್ನೂ ಅವನೇ ಬರೆಸಿದ ಎಂದು ಹೇಗಾಯಿತು? ಅಲ್ಲಿ ಬರೀ ಬಿರುದಿದೆಯಲ್ಲ?’ ತರಗತಿ ಗಪ್‌ಚುಪ್ ಆಗುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಡಿ. ಯಾರಾದರೂ ಒಬ್ಬರು ‘ಎರಡರಲ್ಲೂ ಒಂದೇ ವಿಷಯ ಇದೆಯಾ ಟೀಚರ್?’ ಎಂದು ಕೇಳಿಯೇ ಕೇಳುತ್ತಾರೆ. ಇದೆ. ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷವಾಯಿತು ಎಂಬ ಅದೇ ಅರ್ಥದ ಮಾತು ಎರಡೂ ಕಡೆ ಇದೆ. ಒಂದೇ ಆಜ್ಞೆಯನ್ನು ಎರಡು ಊರಿನಲ್ಲಿ ಕೆತ್ತಿದ್ದರೆ ಅದನ್ನು ಹೊರಡಿಸಿದವನು ಒಬ್ಬನೇ ಇರಬೇಕು. ಈ ವಾಕ್ಯ ಯಾವ ಕಲ್ಲಿನ ಮೇಲೂ ಇಲ್ಲ, ನಾವು ಕಟ್ಟಿದ್ದು. ಪುರಾವೆಗೂ ಪ್ರತಿಪಾದನೆಗೂ ನಡುವೆ ಇರುವ ಕೊಂಡಿ ಇದೇ. ನನ್ನ ಮಟ್ಟಿಗೆ ವಾದದ ಜೀವ ಇರುವುದು ಇಲ್ಲಿ. ದೊಡ್ಡವರಿಗೆ ಅದು ಹೇಳದೆಯೇ ಹೊಳೆಯುವುದರಿಂದ ನಾವು ಕಲಿಸುವುದನ್ನೇ ಮರೆಯುತ್ತೇವೆ.

ಆಮೇಲೆ ಆಕ್ಷೇಪ. ಇದನ್ನು ನೀವೇ ಎತ್ತಿ, ಸ್ವಲ್ಪ ಕೊಂಕು ದನಿಯಲ್ಲಿ: ‘ಮಸ್ಕಿಯಲ್ಲಿ ಪ್ರಿಯದರ್ಶಿ ಎಂಬ ಪದವೇ ಇಲ್ಲ. ದೇವಾನಂಪ್ರಿಯ ಎಂಬ ಬಿರುದನ್ನು ಅಶೋಕನ ಮೊಮ್ಮಗ ದಶರಥನೂ ಇಟ್ಟುಕೊಂಡಿದ್ದ. ಬಿರುದು ನಂಬಿ ಹೆಸರು ಹೇಳಬಹುದೇ?’ ಗಟ್ಟಿ ಆಕ್ಷೇಪ ಇದು. ಉತ್ತರ ಎರಡು ಹಂತದಲ್ಲಿ ಬರುತ್ತದೆ. ನಾವು ಬಿರುದನ್ನಷ್ಟೇ ನಂಬಿಲ್ಲ, ಇಡೀ ಒಕ್ಕಣೆ ಹೊಂದುತ್ತದೆ ಎನ್ನುವುದು ಒಂದು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ ದೇವಾನಂಪಿಯ, ಪಿಯದಸಿ, ಅಸೋಕ ಮೂರೂ ಒಟ್ಟಿಗೆ ಸಿಕ್ಕವು ಎನ್ನುವುದು ಇನ್ನೊಂದು. ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅಶೋಕನ ಹೆಸರಿದೆ. ಆಕ್ಷೇಪ ಬಂದಿದ್ದರಿಂದ ವಾದ ಬಿದ್ದುಹೋಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಮಕ್ಕಳು ಇದನ್ನು ಕಣ್ಣಾರೆ ನೋಡಬೇಕು.

ಈಗ ನಿಮ್ಮ ಮೂರನೇ ಹುಡುಗಿಗೆ ಬರೋಣ. ಅವಳು ಜಾಣೆ. ಅವಳ ಮಾತಿನಲ್ಲಿ ಪುರಾವೆ ಇದೆ: ಬೇಸಿಗೆಯಲ್ಲಿ ಕಚೇರಿಯ ವೇಳೆ ಬದಲಾಗುತ್ತದೆ. ಕೊಂಡಿ ಮಾತ್ರ ಬಾಯಿಗೆ ಬಂದಿಲ್ಲ. ‘ದೊಡ್ಡವರ ಮೈಗೆ ತಾಳದ ಬಿಸಿಲು ಮಕ್ಕಳ ಮೈಗೂ ತಾಳುವುದಿಲ್ಲ’ ಎಂದು ಅವಳಿಂದಲೇ ಹೇಳಿಸಿ. ಹೇಳಿದ ಕೂಡಲೇ ಎದುರಿನವರಿಗೆ ಹಿಡಿಯಲು ಜಾಗ ಸಿಗುತ್ತದೆ: ಕಚೇರಿಯ ವೇಳೆ ಬದಲಾಗುವುದು ಏಪ್ರಿಲ್‌ನಲ್ಲಿ, ನೀನು ಕೇಳುತ್ತಿರುವುದು ಮಾರ್ಚ್‌ನಲ್ಲಿ, ಕಚೇರಿಯವರಿಗೆ ಬಿಸಿಯೂಟ ಬೇಯಿಸಬೇಕಿಲ್ಲ, ನಿಮಗೆ ಬೇಯಿಸಬೇಕು. ಚರ್ಚೆ ತಾನಾಗಿ ನಡೆಯುತ್ತದೆ.

‘ಬಿಸಿಲು ಜಾಸ್ತಿ, ಏಕೆಂದರೆ ಬಹಳ ಬಿಸಿಲು’ ಎಂದವನಿಗೆ ವಿಜ್ಞಾನ ಕಿಟ್‌ನಲ್ಲಿರುವ ಉಷ್ಣಮಾಪಕ ಕೊಡಿ. ಜ್ವರ ನೋಡುವುದನ್ನು ಕೊಡಬೇಡಿ.

ರಾಯಚೂರು ವಕೀಲ:

ಮೇಷ್ಟ್ರು ಹೇಳಿದ ಮೇಲೆ ನನ್ನದೇನು ಹೆಚ್ಚಿಲ್ಲ. ‘ಎಲ್ಲರೂ ಹಾಗೇ ಹೇಳುತ್ತಾರೆ’ ಎಂದ ಆ ಎರಡನೆಯವನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅಂಥ ಸಾಕ್ಷಿಗಳು ನಮಗೆ ದಿನವೂ ಸಿಗುತ್ತಾರೆ.

ನ್ಯಾಯಾಲಯದಲ್ಲಿ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ನೋಡಿದ್ದಾದರೆ ನೋಡಿದವನೇ ಬರಬೇಕು, ಕೇಳಿದ್ದಾದರೆ ಕೇಳಿದವನೇ ಬರಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಈ ನಿಯಮವಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಹುಡುಗನನ್ನು ಕೇಳಿ: ಎಲ್ಲರೂ ಎಂದರೆ ಯಾರು? ಯಾವಾಗ ಹೇಳಿದರು? ಅವರು ನೋಡಿದ್ದೇನು? ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ‘ಎಲ್ಲರೂ’ ಅವನ ಅಜ್ಜಿ ಒಬ್ಬರೇ ಆಗಿರುತ್ತಾರೆ. ಅಜ್ಜಿಯೂ ಒಳ್ಳೆಯ ಸಾಕ್ಷಿಯೇ, ಆದರೆ ಅವರು ನೋಡಿದ್ದನ್ನು ಹೇಳಬೇಕು.

ಬದಲಾವಣೆ ಬೇಕು ಎನ್ನುವವರೇ ಮೊದಲು ಸಾಬೀತು ಮಾಡಬೇಕು ಎಂಬುದನ್ನೂ ಕಲಿಸಿ. ನಮ್ಮ ಮಕ್ಕಳು ‘ಬೇಡ ಎನ್ನುವುದಾದರೆ ನೀನೇ ತೋರಿಸು’ ಎಂದು ಎದುರಿನವರ ತಲೆಗೆ ಕಟ್ಟುತ್ತಾರೆ. ನನ್ನ ಕಕ್ಷಿದಾರರೂ ಹಾಗೇ, ಬಿಡಿ.

ಕೊಪ್ಪಳದಿಂದ ಒಬ್ಬ ಸಂಸ್ಕೃತ ಶಿಕ್ಷಕ:

ಇದೆಲ್ಲ ನಮ್ಮ ನ್ಯಾಯದರ್ಶನದಲ್ಲಿ, ಅಂದರೆ ಪ್ರಾಚೀನ ತರ್ಕಶಾಸ್ತ್ರದಲ್ಲಿ, ಆಗಲೇ ಇದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳು. ಬೆಟ್ಟದ ಮೇಲೆ ಬೆಂಕಿ ಇದೆ; ಹೊಗೆ ಕಾಣುತ್ತಿದೆಯಾದ್ದರಿಂದ; ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ; ಈ ಬೆಟ್ಟವೂ ಅಂಥದೇ; ಆದ್ದರಿಂದ ಬೆಂಕಿ ಇದೆ. ಮಕ್ಕಳಿಗೆ ಇದನ್ನೇ ಹೇಳಿಕೊಡಬಾರದೇಕೆ?

ಮಸ್ಕಿಯ ನಿವೃತ್ತ ಮೇಷ್ಟ್ರು:

ಹೇಳಿಕೊಡಿ ಗುರುಗಳೇ, ಯಾರು ಬೇಡ ಎಂದರು? ನೀವು ಹೇಳಿದ ಮೂರನೆಯ ಅವಯವವನ್ನೇ ನಾನು ಕೊಂಡಿ ಎಂದದ್ದು. ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎಂದು ಬಾಯಿಬಿಟ್ಟು ಹೇಳಲೇಬೇಕು ಎಂದು ನೈಯಾಯಿಕರು, ಅಂದರೆ ನ್ಯಾಯದರ್ಶನದ ಪಂಡಿತರು, ಹಟ ಹಿಡಿದರು, ಅದು ಅವರ ಹೆಚ್ಚುಗಾರಿಕೆ. 1958ರಲ್ಲಿ ಸ್ಟೀಫನ್ ಟೂಲ್ಮಿನ್ ಎಂಬ ಬ್ರಿಟಿಷ್ ತತ್ತ್ವಜ್ಞಾನಿಯೂ ವಾದದ ಅಂಗಗಳನ್ನು ಬಿಡಿಸಿಟ್ಟಾಗ ಈ ಕೊಂಡಿಗೆ ಪ್ರತ್ಯೇಕ ಜಾಗ ಕೊಟ್ಟರು. ಆಕ್ಷೇಪಕ್ಕೂ, ‘ಬಹುಶಃ’ ಎಂಬ ಮಾತಿಗೂ ಕೊಟ್ಟರು. ಏಳನೇ ತರಗತಿಗೆ ಐದೋ ಆರೋ ಎಂಬ ಲೆಕ್ಕ ಮುಖ್ಯವಲ್ಲ. ನನ್ನದೊಂದೇ ಭಯ: ಅವಯವಗಳನ್ನು ಶ್ಲೋಕದಂತೆ ಒಪ್ಪಿಸಿ, ಬೆಟ್ಟದ ಹೊಗೆ ಬಿಟ್ಟು ಬೇರೆ ಉದಾಹರಣೆ ಕೇಳಿದರೆ ಮುಖ ನೋಡುತ್ತಾರೆ. ಹೊಲದಲ್ಲಿ ನೆಲ್ಲಿನ ಹುಲ್ಲು ಸುಡುವ ಕಾಲದಲ್ಲಿ ಕಿಟಕಿಯಿಂದಾಚೆ ತೋರಿಸಿ ಕೇಳಿ. ದೂರದಲ್ಲಿ ಕಾಣುವುದು ಹೊಗೆಯೋ ಮಂಜೋ ಎಂದು ಯಾರಾದರೂ ಜಗಳ ತೆಗೆದರೆ ನಿಮ್ಮ ಪಾಠ ಗೆದ್ದಿತು.

ಸಿಂಧನೂರು ಅತಿಥಿ ಶಿಕ್ಷಕಿ:

ಗುರುಗಳೇ, ಎಲ್ಲರಿಗೂ ಧನ್ಯವಾದ. ಮಸ್ಕಿಯ ಪಾಠ ಮಾಡಿದೆ. ದಶರಥನ ಆಕ್ಷೇಪ ಎತ್ತಿದಾಗ ಒಬ್ಬ ಹುಡುಗ ‘ಹಾಗಾದರೆ ಪುಸ್ತಕದಲ್ಲಿರುವುದು ಸುಳ್ಳಾ?’ ಎಂದು ಗಾಬರಿಯಾದ. ಗುಜರ್ರಾಕ್ಕೆ ಬಂದ ಮೇಲೆ ಸಮಾಧಾನವಾಯಿತು.

ಆಮೇಲೆ ಬೆಳಗಿನ ಶಾಲೆಯ ಚರ್ಚೆಯನ್ನು ಮತ್ತೆ ಇಟ್ಟೆ. ಉಷ್ಣಮಾಪಕ ಹಿಡಿದವರು ತಗಡಿನ ಸೂರಿನ ಕೋಣೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ 38 ಡಿಗ್ರಿ, ಬೆಳಿಗ್ಗೆ ಒಂಬತ್ತಕ್ಕೆ 29 ಡಿಗ್ರಿ ಎಂದು ಬರೆದುಕೊಂಡು ಬಂದರು. ‘ಎರಡು ಗಂಟೆಗೆ ಗಣಿತದ ತರಗತಿ, ಅರ್ಧ ಜನ ತೂಕಡಿಸುತ್ತಾರೆ’ ಎಂದು ಕೊಂಡಿಯನ್ನೂ ಅವರೇ ಹಾಕಿದರು. ತೂಕಡಿಕೆಗೆ ಬಿಸಿಲು ಕಾರಣವೋ ಬಿಸಿಯೂಟ ಕಾರಣವೋ ಎಂದು ಎದುರಿನ ಸಾಲಿನವರು ಹಿಡಿದುಕೊಂಡರು. ನಗೆಯೋ ನಗೆ.

ಗಟ್ಟಿ ಪೆಟ್ಟು ಬಂದದ್ದು ಮೂರನೇ ಬೆಂಚಿನಿಂದ. ಊರಾಚೆಯ ವಸತಿಯಾದ ಕ್ಯಾಂಪಿನಿಂದ ನಡೆದು ಬರುವ ಒಬ್ಬ ಹುಡುಗಿ, ಅಷ್ಟಾಗಿ ಮಾತನಾಡದವಳು, ಎದ್ದು ‘ಏಳೂವರೆಗೆ ಶಾಲೆ ಎಂದರೆ ನಾನು ಆರೂವರೆಗೆ ಮನೆ ಬಿಡಬೇಕು. ನಲ್ಲಿ ನೀರು ಬರುವುದು ಏಳಕ್ಕೆ. ನೀರು ಯಾರು ಹಿಡಿಯುತ್ತಾರೆ?’ ಎಂದಳು. ಪರವಾಗಿದ್ದವರು ಗುಂಪು ಕೂಡಿ ಪಿಸುಗುಟ್ಟಿಕೊಂಡು, ‘ಮಾರ್ಚ್‌ನಲ್ಲಿ ಎಂಟೂವರೆಗೆ ಶುರುವಾಗಲಿ, ಒಂದೂವರೆಗೆ ಬಿಡಲಿ’ ಎಂದು ತಮ್ಮ ಬೇಡಿಕೆಯನ್ನೇ ತಿದ್ದಿಕೊಂಡರು. ಇದನ್ನು ಸೋಲು ಎನ್ನಬೇಕೋ ಗೆಲುವು ಎನ್ನಬೇಕೋ ಎಂದು ನನ್ನನ್ನು ಕೇಳಿದರು.

ಇನ್ನೊಂದು ಅನುಮಾನ. ಸ್ಪರ್ಧೆಯಲ್ಲಿ ಮಗುವಿಗೆ ಸಿಗುವುದು ಕೆಲವೇ ನಿಮಿಷ. ಎದುರಾಳಿಯ ಆಕ್ಷೇಪವನ್ನು ತಾನೇ ಹೇಳಿದರೆ ಪಕ್ಷ ಬದಲಿಸಿದಳು ಎಂದು ನಿರ್ಣಾಯಕರು ಅಂಕ ಕಳೆಯುವುದಿಲ್ಲವೇ?

ಮಸ್ಕಿಯ ನಿವೃತ್ತ ಮೇಷ್ಟ್ರು:

ನಲ್ಲಿ ನೀರಿನ ಹುಡುಗಿಗೆ ನನ್ನ ಕಡೆಯಿಂದ ಒಂದು ಪೆನ್ನು ಕೊಡಿ, ಸಿಂಧನೂರಿಗೆ ಬಂದಾಗ ದುಡ್ಡು ಕೊಡುತ್ತೇನೆ. ಬೇಡಿಕೆ ತಿದ್ದಿಕೊಂಡದ್ದು ಸೋಲಲ್ಲ ಎಂದು ಹೇಳಿ. ಸಿಂಹಳದ ರಾಜ ಎಂದಿದ್ದ ಪ್ರಿನ್ಸೆಪ್ ಕೂಡ ಟರ್ನರ್ ತೋರಿಸಿದ ಮೇಲೆ ತಿದ್ದಿಕೊಂಡರು.

ನಿರ್ಣಾಯಕರ ಭರವಸೆ ನಾನು ಕೊಡಲಾರೆ. ಅವರಲ್ಲಿ ಎಂತೆಂಥವರೋ ಇರುತ್ತಾರೆ. ಆದರೆ ಹೇಳುವ ವರಸೆ ಇದೆ. ಆಕ್ಷೇಪ ಒಂದೇ ವಾಕ್ಯದಲ್ಲಿರಲಿ, ‘ನೀರು ಹಿಡಿಯುವವರು ಯಾರು ಎಂದು ನನ್ನ ಗೆಳತಿ ಕೇಳುತ್ತಾಳೆ’ ಎಂಬಂತೆ. ಅದು ಬೇರೆಯವರ ಮಾತು ಎಂದು ಸ್ಪಷ್ಟವಾಗುತ್ತದೆ. ಉಸಿರು ಬಿಡದೆ ಮರುವಾಕ್ಯದಲ್ಲಿ ಉತ್ತರ ಬರಬೇಕು. ನಡುವೆ ನಿಂತರೆ ಮಾತ್ರ ಪಕ್ಷ ಬದಲಿಸಿದಂತೆ ಕೇಳಿಸುತ್ತದೆ. ಇದನ್ನು ಮೊದಲಿಗೂ ಇಡಬೇಡಿ, ಕೊನೆಗೂ ಇಡಬೇಡಿ. ಪುರಾವೆ ಹೇಳಿ ಮುಗಿದ ಮೇಲೆ ಇಡಿ. ಸಮಯ ಸಾಲದಿದ್ದರೆ ವಚನ ಬಿಡಿ.

ಆ 38 ಡಿಗ್ರಿಯನ್ನು ಇನ್ನೊಮ್ಮೆ ಅಳೆಸಿ. ಉಷ್ಣಮಾಪಕದ ಬುಡ ಬಿಸಿಗೋಡೆಗೆ ತಾಗಿತ್ತೇ, ಯಾರ ಬೆರಳಾದರೂ ಅದರ ಮೇಲಿತ್ತೇ ಎಂದು ಕೇಳಿ. ಎದುರಿನ ಸಾಲಿನವರು ಮುಂದಿನ ಸಲ ಅದನ್ನೇ ಹಿಡಿಯುತ್ತಾರೆ.