ಆರ್ಥರ್ ಲೂಯಿಸ್ ಹೇಳಿದ್ದು ನಮ್ಮ ಕಾಫಿ ತೋಟಕ್ಕೆ ಹೊಂದುತ್ತದಾ?

ಮೂಡಿಗೆರೆ ಹುಡುಗಿ:
ಚಿಕ್ಕಮಗಳೂರಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಮುಂದಿನ ವಾರ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಬಗ್ಗೆ ಸೆಮಿನಾರ್ ಕೊಡಬೇಕು. ಹಳ್ಳಿಯಲ್ಲಿ ಕೆಲಸಕ್ಕಿಂತ ಜನ ಜಾಸ್ತಿ, ಕೆಲವರು ಪೇಟೆಗೆ ಹೋದರೂ ಬೆಳೆ ಕಡಿಮೆಯಾಗುವುದಿಲ್ಲ, ಕೂಲಿಯೂ ಏರುವುದಿಲ್ಲ ಅಂತ ನೋಟ್ಸಿನಲ್ಲಿದೆ. ನಮ್ಮ ಮನೆಯಲ್ಲಿ ನೋಡಿದರೆ ಡಿಸೆಂಬರ್ ಬಂತು ಅಂದರೆ ಹಣ್ಣು ಕೊಯ್ಯಲು ಆಳು ಎಲ್ಲಿಂದ ತರುವುದು ಅಂತ ಅಪ್ಪನಿಗೆ ನಿದ್ದೆ ಇರುವುದಿಲ್ಲ. ಈಗ ತೋಟದ ಆಳುಗಳ ಲೈನ್ ಮನೆ ತುಂಬ ಅಸ್ಸಾಮಿನವರೇ. ಹಾಗಾದರೆ ಲೂಯಿಸ್ ಹೇಳಿದ್ದು ತಪ್ಪಾ? ಅವರ ಜೀವನದ ಬಗ್ಗೆಯೂ ಗೊತ್ತಿದ್ದವರು ಹೇಳಿ. ನೊಬೆಲ್ ಬಂತು ಅನ್ನುವ ಒಂದು ಸಾಲು ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ.

ಹಾಸನದ ಮೇಷ್ಟ್ರು:
ತಪ್ಪಲ್ಲಮ್ಮ, ನಿನ್ನ ನೋಟ್ಸ್ ಅರ್ಧಕ್ಕೆ ನಿಂತಿದೆ. ಹೆಚ್ಚುವರಿ ಜನ ಎಲ್ಲ ಬೇರೆ ಕೆಲಸಕ್ಕೆ ಹೋಗಿ ಮುಗಿದ ಮೇಲೆ ಕೂಲಿ ಏರಲೇಬೇಕು ಅಂತ ಈ ವಾದ ಮಂಡಿಸಿದ 1954ರ ಲೇಖನದಲ್ಲೇ ಲೂಯಿಸ್ ಹೇಳಿದ್ದಾರೆ. ನಿಮ್ಮ ತಂದೆ ಇರುವುದು ಆ ಘಟ್ಟದಲ್ಲಿ.

ಲೂಯಿಸ್ ಜೀವನ ಓದಿದರೆ ಮನಸ್ಸು ಕಲಕುತ್ತದೆ. ಹುಟ್ಟಿದ್ದು 1915ರಲ್ಲಿ, ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದಲ್ಲಿ. ಏಳು ವರ್ಷಕ್ಕೆ ತಂದೆ ತೀರಿಕೊಂಡರು, ತಾಯಿ ಅಂಗಡಿ ನಡೆಸಿ ಐದು ಗಂಡುಮಕ್ಕಳನ್ನು ಸಾಕಿದರು. ಹದಿನಾಲ್ಕಕ್ಕೇ ಶಾಲೆ ಮುಗಿಸಿ ಸರ್ಕಾರಿ ಗುಮಾಸ್ತರಾದರು. ಇಂಜಿನಿಯರ್ ಆಗುವ ಆಸೆ ಇತ್ತು, ಆದರೆ ಕಪ್ಪು ಹುಡುಗನಿಗೆ ಆ ಕೆಲಸ ಯಾರೂ ಕೊಡುವುದಿಲ್ಲ ಅಂತ ಗೊತ್ತಿದ್ದರಿಂದ ವಿದ್ಯಾರ್ಥಿವೇತನ ಸಿಕ್ಕಾಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ವಾಣಿಜ್ಯ ತೆಗೆದುಕೊಂಡರು. 1948ರಲ್ಲಿ, 33ನೇ ವಯಸ್ಸಿಗೆ, ಮ್ಯಾಂಚೆಸ್ಟರ್‌ನಲ್ಲಿ ಪ್ರೊಫೆಸರ್! 1963ರಿಂದ ಅಮೆರಿಕದ ಪ್ರಿನ್ಸ್‌ಟನ್. ನಡುವೆ ಘಾನಾಕ್ಕೆ ಸಲಹೆಗಾರರಾಗಿ ಹೋಗಿ, ಅಲ್ಲಿನ ನಾಯಕ ಎನ್‌ಕ್ರುಮಾ ಜೊತೆ ಹೊಂದದೆ ಬಿಟ್ಟು ಬಂದರು.

ಸಕಲೇಶಪುರ ರೋಬಸ್ಟಾ:
ಮೇಷ್ಟ್ರೇ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1979ರ ನೊಬೆಲ್ಲನ್ನು ಲೂಯಿಸ್ ಜೊತೆ ಹಂಚಿಕೊಂಡ ಥಿಯೋಡರ್ ಶುಲ್ಟ್ಸ್ ಅವರೇ ಹಳ್ಳಿಯಲ್ಲಿ ಹೆಚ್ಚುವರಿ ಜನ ಇದ್ದಾರೆ ಅನ್ನುವುದನ್ನು ಪ್ರಶ್ನೆ ಮಾಡಿದ್ದರು, ಅದೂ ನಮ್ಮ ದೇಶದ ಲೆಕ್ಕ ಇಟ್ಟುಕೊಂಡು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಜನ ಸತ್ತಾಗ ಬಿತ್ತನೆಯೂ ಕಡಿಮೆಯಾಯಿತು, ಅಂದರೆ ಅವರ್ಯಾರೂ ಸುಮ್ನೆ ಕೂತವರಲ್ಲ ಅಂತ. ತೋಟದಲ್ಲೂ ಅಷ್ಟೇ ಅಲ್ವಾ? ಕೊಯ್ಲಿನ ಮೂರು ತಿಂಗಳು ಎಷ್ಟು ಜನ ಇದ್ದರೂ ಸಾಲದು, ಮಳೆಗಾಲದಲ್ಲಿ ಅಷ್ಟು ಜನಕ್ಕೆ ಕೆಲಸ ಇಲ್ಲ. ವರ್ಷಪೂರ್ತಿ ಒಂದೇ ಲೆಕ್ಕ ಹಾಕಿದರೆ ಇದು ಕಾಣುವುದೇ ಇಲ್ಲ.

ಮೂಡಿಗೆರೆ ಹುಡುಗಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶುಲ್ಟ್ಸ್ ವಾದವನ್ನೂ ಸೇರಿಸುತ್ತೇನೆ ಅಣ್ಣ. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಲೈನ್ ಮನೆಯವರು ಇಲ್ಲಿಗೆ ಬಂದ ಮೇಲೆ ಅಸ್ಸಾಮಿನ ಗದ್ದೆ ಕೆಲಸ ಈಗ ಯಾರು ಮಾಡುತ್ತಿದ್ದಾರೆ ಅಂತ ಅವರನ್ನೇ ಕೇಳುತ್ತೇನೆ.