ಉಪ್ಪರಿಗೆಯ ಕೋಟು ಯಾರಿಗೆ?

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ನಮ್ಮ ಮೂಲಮನೆಯ ವಾಟ್ಸಾಪ್ ಗುಂಪಿನಲ್ಲಿ ನವೆಂಬರ್ ಕೊನೆಯ ವಾರ ನಡೆದ ಚರ್ಚೆ ಇದು. ನಿವೃತ್ತ ಕನ್ನಡ ಅಧ್ಯಾಪಕರಾದ ದೊಡ್ಡಪ್ಪನೇ ಅಡ್ಮಿನ್ ಆಗಿರುವುದರಿಂದ ಇಲ್ಲಿ ಅರ್ಧ ವಾಕ್ಯಕ್ಕೂ ಹೆಬ್ಬೆರಳಿನ ಚಿತ್ರಕ್ಕೂ ಪ್ರವೇಶವಿಲ್ಲ. ಹೆಸರುಗಳನ್ನು ಬಿಟ್ಟು ಸಂಬಂಧಗಳನ್ನಷ್ಟೇ ಉಳಿಸಿದ್ದೇನೆ.

ನಾನು (ಗುರುವಾರ, ರಾತ್ರಿ 8.10): ಎಲ್ಲರಿಗೂ ನಮಸ್ಕಾರ. ಕಂಪೆನಿಯ ಕೆಲಸದ ಮೇಲೆ ಜನವರಿ 9ರಂದು ಹೊರಟು ಏಳು ವಾರ ಫಿನ್‌ಲೆಂಡಿನ ಟಾಂಪೆರೆ ನಗರದಲ್ಲಿ ಇರಬೇಕಾಗಿದೆ. ಅಲ್ಲಿ ಜನವರಿಯ ಸರಾಸರಿಯೇ ಶೂನ್ಯಕ್ಕಿಂತ ಆರೇಳು ಡಿಗ್ರಿ ಕೆಳಗೆ, ಕೆಲವು ದಿನ ಇಪ್ಪತ್ತಕ್ಕಿಂತಲೂ ಕೆಳಗೆ ಇಳಿಯುವುದುಂಟು. ದೊಡ್ಡಪ್ಪ, ಉಪ್ಪರಿಗೆಯ ಕಪಾಟಿನಲ್ಲಿರುವ, ಹಕ್ಕಿಯ ಗರಿ ತುಂಬಿದ ಚಳಿಯ ಕೋಟನ್ನು ನಾನು ಒಯ್ಯಬಹುದೇ?

ದೊಡ್ಡಪ್ಪ: ಸಂತೋಷ, ಮಗಳೇ. ಆದರೆ ಅದನ್ನು ನಿನ್ನ ತಮ್ಮ ಸೆಪ್ಟೆಂಬರಿನಲ್ಲಿಯೇ ಕೇಳಿದ್ದಾನೆ, ಸಾಮಾನಿನ ಪುಸ್ತಕದಲ್ಲಿ ಬರೆದೂ ಆಗಿದೆ. ಕೊಪ್ಪರಿಗೆಯಾಗಲಿ, ಜಮಖಾನವಾಗಲಿ, ಕೋಟಾಗಲಿ, ಈ ಮನೆಯ ಸೊತ್ತನ್ನು ಕೇಳಿದ ಸರದಿಯಲ್ಲಿ ಕೊಡುವುದೇ ಅಪ್ಪನ ಕಾಲದಿಂದ ನಡೆದುಬಂದ ಕ್ರಮ.

ಚಿಕ್ಕಪ್ಪನ ಮಗ: ಹೌದು ಅಕ್ಕ, ಜನವರಿ 20ರಿಂದ ಒಂದು ವಾರ ಸ್ನೇಹಿತರೊಂದಿಗೆ ಮನಾಲಿಗೆ ಹೋಗುವುದೆಂದು ಟಿಕೆಟನ್ನೂ ತೆಗೆದಾಗಿದೆ. ನಿಮಗೆ ಕಂಪೆನಿಯವರು ಹಣ ಕೊಡುತ್ತಾರೆ. ನನಗೆ ಕೊಡುವವರು ಯಾರೂ ಇಲ್ಲ.

ನೀರ್ಚಾಲಿನ ಸೋದರತ್ತೆ: ಅಣ್ಣ, ಸರದಿಯ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದು ಸರಿಯಲ್ಲ. ನಮ್ಮ ದೊಡ್ಡ ಕೊಪ್ಪರಿಗೆಯನ್ನು ಒಬ್ಬರು ಉಪನಯನಕ್ಕೆಂದು ಮೂರು ತಿಂಗಳ ಮೊದಲೇ ಹೇಳಿಟ್ಟಿದ್ದಾಗ, ನೆರೆಮನೆಯಲ್ಲಿ ಬೊಜ್ಜ (ಸತ್ತವರ ಉತ್ತರಕ್ರಿಯೆ) ಬಂತೆಂದು ಅಪ್ಪನೇ ಅಲ್ಲಿಗೆ ಕೊಟ್ಟದ್ದು ನಿನಗೆ ನೆನಪಿಲ್ಲವೇ? ಹಿಮದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವನಿಗಿಂತ ದುಡಿಯಲು ಹೋಗುವವಳ ಅಗತ್ಯ ದೊಡ್ಡದು.

ನಾನು: ನನ್ನ ಪ್ರಯಾಣವನ್ನು ಬೊಜ್ಜದ ಸಾಲಿನಲ್ಲಿ ಇರಿಸಿದ್ದನ್ನು ಬಿಟ್ಟರೆ ಅತ್ತೆಯ ವಾದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಏಳು ವಾರಗಳಿಗಾಗಿ ಹೊಸ ಕೋಟು ಕೊಂಡು, ಅದನ್ನೂ ತಂದು ಇದೇ ಕಪಾಟಿನಲ್ಲಿ ಇಡುವುದರಲ್ಲಿ ಅರ್ಥವಿಲ್ಲ.

ಟೊರಾಂಟೊ ಭಾವ (ಶುಕ್ರವಾರ, ಬೆಳಗ್ಗೆ 6.40): ಮಾವ, ಆ ಕೋಟನ್ನು ಕೊಂಡವನು ನಾನೇ ಆದ್ದರಿಂದ ಒಂದು ಮಾತು ಹೇಳುತ್ತೇನೆ. 2013ರ ಬೇಸಗೆಯಲ್ಲಿ ಊರಿಗೆ ಬಂದಾಗ ಮರಳುವ ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳಕ್ಕೆ ಜಾಗ ಮಾಡುವುದಕ್ಕಾಗಿ ಅದನ್ನು ಅಲ್ಲಿ ಬಿಟ್ಟುಹೋದೆ. ಉದಾರತೆಯಿಂದ ಕೊಟ್ಟದ್ದೆಂದು ನೀವೆಲ್ಲ ಭಾವಿಸಿದಿರಿ, ನಾನೂ ತಿದ್ದಲಿಲ್ಲ. ಅಂಥ ಕೋಟು ಬೆಚ್ಚಗಿಡುವುದು ಗರಿಗಳ ನಡುವೆ ಸಿಕ್ಕಿ ನಿಂತಿರುವ ಗಾಳಿಯಿಂದ. ಗರಿ ತೇವ ಹಿಡಿದು ಮುದ್ದೆಯಾದರೆ ಗಾಳಿಗೆ ಜಾಗವಿಲ್ಲ, ಆಮೇಲೆ ಅದು ಭಾರವಾದ ಎರಡು ಪದರದ ಬಟ್ಟೆ ಮಾತ್ರ. ನಮ್ಮೂರಿನ ಇಷ್ಟೊಂದು ಮಳೆಗಾಲಗಳನ್ನು ಅದು ಮಡಚಿದ ಸ್ಥಿತಿಯಲ್ಲೇ ಕಳೆದಿದೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮೊದಲು ಯಾರಾದರೂ ಅದನ್ನು ಬಿಡಿಸಿ ನೋಡಿದ್ದೀರಾ?

ದೊಡ್ಡಪ್ಪ: ಪ್ರತಿವರ್ಷ ನುಸಿಗುಳಿಗೆ ಹಾಕಿದ್ದೇನೆ. ಬಿಡಿಸಿ ನೋಡಿಲ್ಲ.

ಟೊರಾಂಟೊ ಭಾವ: ಇನ್ನೊಂದು ಸಂಗತಿ. ಎಲ್ಲರೂ ಕೋಟನ್ನು ಹಿಡಿದೆಳೆಯುತ್ತಿದ್ದೀರಿ, ಕಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಮೈನಸ್ ಹದಿನೈದರ ಒಣ ಹಿಮ ಅಷ್ಟು ಅಪಾಯಕಾರಿಯಲ್ಲ. ಶೂನ್ಯದ ಆಸುಪಾಸಿನಲ್ಲಿ ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಗಟ್ಟಿಯಾಗಿ, ಮರುದಿನ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದಲ್ಲ, ಆ ದಿನಗಳಲ್ಲಿ ಬೀಳುವವರು ಹೆಚ್ಚು. ಮಳೆಗಾಲದ ಆಟಿ ತಿಂಗಳಿನಲ್ಲಿ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲನ್ನು ನೀವು ಹೇಗೆ ಇಳಿಯುತ್ತೀರೋ, ಪಾದವನ್ನು ಪೂರ್ತಿ ಊರಿ, ಗಿಡ್ಡ ಹೆಜ್ಜೆಯಿಟ್ಟು, ಕೈಗಳನ್ನು ಜೇಬಿನಿಂದ ಹೊರಗಿಟ್ಟು, ಅಲ್ಲಿಯೂ ಹಾಗೆಯೇ ನಡೆಯಬೇಕು. ಬೂಟು ಒಂದು ಅಳತೆ ದೊಡ್ಡದಿರಲಿ. ಉಣ್ಣೆಯ ಕಾಲುಚೀಲದ ಮೇಲೆ ಬಿಗಿಯಾದ ಬೂಟು ಹಾಕಿದರೆ ರಕ್ತ ಸರಿಯಾಗಿ ಓಡದೆ ಬೆರಳು ಮರಗಟ್ಟುತ್ತದೆ. ಮೈಗೆ ತಾಗುವ ಬಟ್ಟೆ ಮಾತ್ರ ಹತ್ತಿಯದ್ದು ಬೇಡ. ನಮ್ಮ ಸೆಕೆಗೆ ಹತ್ತಿಯ ಯಾವ ಗುಣ ಒಳ್ಳೆಯದೋ, ಅಂದರೆ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದು, ಅದೇ ಅಲ್ಲಿ ಮೈಯನ್ನು ತಣ್ಣಗೆ ಮಾಡುತ್ತದೆ.

ಅಮ್ಮ: ಕಾಗದಪತ್ರಗಳ ಕತೆ ಏನಾಯಿತೆಂದು ಇವಳು ಮನೆಯಲ್ಲಿ ಹೇಳುತ್ತಿಲ್ಲ, ಇಲ್ಲಿಯಾದರೂ ಹೇಳಲಿ.

ನಾನು: ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ 90 ದಿನ ಇರಬಹುದು, ನನ್ನ ಏಳು ವಾರ ಅದರೊಳಗೇ ಇದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯನ್ನು ಕಂಪೆನಿಯೇ ಮಾಡಿಸುತ್ತದೆ. ಚಿಂತೆ ಬೇಡ, ಅಮ್ಮ.

ನೀರ್ಚಾಲಿನ ಸೋದರತ್ತೆ: ಹಾಗಾದರೆ ಊಟದ ವಿಷಯಕ್ಕೆ ಬರೋಣ, ಕೂಸೇ. ಎರಡು ಕುಪ್ಪಿ ತುಪ್ಪ, ಒಂದು ಕಟ್ಟು ಕರಿಬೇವು, ಕೊಬ್ಬರಿ, ಮಾಂಬಳ (ಒಣಗಿಸಿದ ಮಾವಿನ ರಸ), ಹಪ್ಪಳ, ತಲೆಗೆ ತೆಂಗಿನೆಣ್ಣೆ. ಇಷ್ಟನ್ನು ನಾನು ಕಟ್ಟಿಕೊಡುತ್ತೇನೆ.

ನಾನು: ಅತ್ತೆ, ಯುರೋಪಿಯನ್ ಒಕ್ಕೂಟದೊಳಗೆ ಹೊರದೇಶದ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ, ಆದ್ದರಿಂದ ತುಪ್ಪ ಬೇಡ. ಹಸಿ ಕರಿಬೇವಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು, ಅದೂ ಬೇಡ. ಕೊಬ್ಬರಿಯು ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿರುವುದರಿಂದ ವಿಮಾನಕ್ಕೇ ಸಲ್ಲುವುದಿಲ್ಲ. ಕರಿಬೇವಿನ ಒಣಪುಡಿ, ಮಾಂಬಳ, ಹಪ್ಪಳ ಕೊಡಿ. ಹಪ್ಪಳವನ್ನು ಅಲ್ಲಿ ಎಣ್ಣೆಯಲ್ಲಿ ಕಾಯಿಸಿದರೆ ಹೊಗೆಯ ಗಂಟೆ ಬಾರಿಸುತ್ತದೆಂದು ಅಲ್ಲಿದ್ದು ಬಂದ ಸಹೋದ್ಯೋಗಿ ಹೇಳಿದ್ದಾರೆ. ಓವನ್ನಿನಲ್ಲಿ ಸುಡುವ ಉಪಾಯ ಮಾಡುತ್ತೇನೆ.

ಟೊರಾಂಟೊ ಭಾವ: ತಮಾಷೆಯೆಂದರೆ, 2019ರ ಡಿಸೆಂಬರ್ 14ರಿಂದ ಜಾರಿಯಲ್ಲಿರುವ ಆ ನಿಯಮದಲ್ಲಿ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವ ಹಣ್ಣುಗಳು ಐದೇ: ಅನಾನಸು, ಬಾಳೆ, ಖರ್ಜೂರ, ಡ್ಯೂರಿಯನ್ ಮತ್ತು ತೆಂಗಿನಕಾಯಿ! ಎಣ್ಣೆಯ ಮಟ್ಟಿಗೆ ಹೇಳುವುದಾದರೆ, 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಸಪೂರ ಬಾಯಿಯ ಕುಪ್ಪಿಯಲ್ಲಿ ಕೊಟ್ಟರೆ ಏಳು ವಾರವೂ ಅದು ಹೊರಗೆ ಬರುವುದಿಲ್ಲ, ಅಗಲ ಬಾಯಿಯ ಡಬ್ಬಿಯಲ್ಲಿ ಕೊಡಿ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ಬಹಳ ಕಡಿಮೆ, ಅದನ್ನು ಮನೆಯೊಳಗೆ ಬಿಸಿ ಮಾಡಿದಾಗ ಇನ್ನೂ ಒಣಗಿದಂತಾಗಿ ತುಟಿ, ಹಿಮ್ಮಡಿ ಒಡೆಯುತ್ತವೆ, ಎಣ್ಣೆ ಖಂಡಿತ ಉಪಯೋಗಕ್ಕೆ ಬರುತ್ತದೆ.

ನಾನು (ಶನಿವಾರ, ಮಧ್ಯಾಹ್ನ 12.25): ಬೆಳಗ್ಗೆ ಕಾಸರಗೋಡಿನಿಂದ ಬದಿಯಡ್ಕದ ಮೇಲಾಗಿ ಬಸ್ಸಿನಲ್ಲಿ ಪೆರ್ಲಕ್ಕೆ ಬಂದು, ದೊಡ್ಡಪ್ಪನ ಎದುರಿನಲ್ಲೇ ಕೋಟನ್ನು ಬಿಡಿಸಿದೆ. ಕೊರಳಿನ ಒಳಭಾಗದಲ್ಲಿ ಬೂದು ಬಣ್ಣದ ಬೂಸಲು ಹರಡಿದೆ, ಜಿಪ್ಪಿನ ಹಲ್ಲುಗಳ ನಡುವೆ ಹಸಿರು ಕಿಲುಬು. ಬೆನ್ನಿನ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಪ್ರತಿಯೊಂದು ಹೊಲಿಗೆಯ ಪಟ್ಟಿಯಲ್ಲೂ ಗರಿಯೆಲ್ಲ ಕೆಳಗೆ ಇಳಿದು ಹಳೆಯ ಬೂರುಗದ ತಲೆದಿಂಬಿನಂತೆ ಉಂಡೆಗಟ್ಟಿರುವುದೂ, ಮೇಲಿನರ್ಧದಲ್ಲಿ ಬೆರಳಿನ ನೆರಳು ಬಟ್ಟೆಯಾಚೆ ಕಾಣುವುದೂ ಗೊತ್ತಾಯಿತು. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟರೆ ಎರಡು ಕಿಲೋ ಮುನ್ನೂರು ಗ್ರಾಂ. ನನಗೆ ಅಂತಾರಾಷ್ಟ್ರೀಯ ವಿಮಾನದಲ್ಲಿ 23 ಕಿಲೋ ಇದ್ದರೂ, ಮಂಗಳೂರಿನಿಂದ ಬೆಂಗಳೂರಿಗೆ ಬೇರೆಯೇ ಟಿಕೆಟ್ ತೆಗೆದಿರುವುದರಿಂದ ಅಲ್ಲಿ ದೊರೆಯುವುದು 15 ಮಾತ್ರ. ಎರಡು ದಿನ ಇದಕ್ಕಾಗಿ ವಾದಿಸಿದ ನಾನೇ ನನ್ನ ಬೇಡಿಕೆಯನ್ನು ಹಿಂದೆ ತೆಗೆದುಕೊಳ್ಳುತ್ತಿದ್ದೇನೆ. ನಾನು ಕೇಳಿದ್ದು ನೀವೆಲ್ಲ ಹೇಳುತ್ತ ಬಂದ ಕೋಟನ್ನು. ಕಪಾಟಿನಲ್ಲಿ ಇರುವುದು ಬೇರೆಯದೇ.

ನೀರ್ಚಾಲಿನ ಸೋದರತ್ತೆ: ಹಾಗಾದರೆ ಕೋಟಿಲ್ಲದೆ ಹೋಗುತ್ತೀಯಾ?

ನಾನು: ಉಣ್ಣೆಯ ಒಳಉಡುಪು ಎರಡು ಜೊತೆ, ಅದರ ಮೇಲೆ ನನ್ನಲ್ಲಿರುವ ಬೆಚ್ಚನೆಯ ಫ್ಲೀಸ್ ಅಂಗಿ, ಗಾಳಿ ತಡೆಯಲು ನನ್ನದೇ ಮಳೆಕೋಟು, ಅಲ್ಲಿಗೆ ತಲುಪುವವರೆಗೆ ಇಷ್ಟು ಸಾಕು. ಹೆಲ್ಸಿಂಕಿ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇರುವುದರಿಂದ ಬಯಲಿನಲ್ಲಿ ಕಾಯುವ ಪ್ರಸಂಗವೂ ಹೆಚ್ಚಿಲ್ಲ. ಟಾಂಪೆರೆಯಲ್ಲಿ ಬಳಸಿದ ಬಟ್ಟೆಗಳನ್ನು ಮಾರುವ ಅಂಗಡಿಗಳಿವೆ, ಆ ಚಳಿಗೆಂದೇ ಹೊಲಿದ ಕೋಟು ಅಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ, ಮರಳುವಾಗ ಮುಂದಿನ ಸಹೋದ್ಯೋಗಿಗೆ ಬಿಟ್ಟುಬರುತ್ತೇನೆ. ಜನವರಿಯ ಮೊದಲ ವಾರ ಅಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ, ಕತ್ತಲಲ್ಲಿ ನಡೆಯುವವರು ಬೆಳಕನ್ನು ಪ್ರತಿಫಲಿಸುವ ಬಿಲ್ಲೆ ತೂಗಿಸಿಕೊಳ್ಳುವುದು ಒಳ್ಳೆಯದು. ಅದನ್ನೂ ಅಲ್ಲಿಯೇ ಕೊಳ್ಳುತ್ತೇನೆ.

ಚಿಕ್ಕಪ್ಪನ ಮಗ: ಅಕ್ಕ ಬೇಡವೆಂದು ಬಿಟ್ಟ ಬೂಸಲಿನ ಕೋಟು ಸರದಿಯ ಪ್ರಕಾರ ನನಗೆ ಸಿಕ್ಕಿತೆಂದು ನಾನು ಸಂತೋಷಪಡಬೇಕೇ?

ಟೊರಾಂಟೊ ಭಾವ: ಸರಿಪಡಿಸಬಹುದು. ಸೌಮ್ಯವಾದ ಸಾಬೂನಿನಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆ. ಇಲ್ಲಿಯಾದರೆ ಒಣಗಿಸುವ ಯಂತ್ರಕ್ಕೆ ಎರಡು ಟೆನ್ನಿಸ್ ಚೆಂಡು ಹಾಕಿ ತಿರುಗಿಸುತ್ತೇವೆ. ಅಲ್ಲಿ ಹಲವು ದಿನ ಬಿಸಿಲಿಗೆ ಹಾಕಿ, ಮಗುಚುತ್ತ, ಉಂಡೆಗಳನ್ನು ಬೆರಳಿನಿಂದ ಬಿಡಿಸುತ್ತಿರಬೇಕು. ಒಳಗೆ ಸ್ವಲ್ಪ ತೇವ ಉಳಿದರೂ ಮತ್ತೆ ಬೂಸಲು ಬರುತ್ತದೆ. ಮನಾಲಿಗೆ ಅಷ್ಟಾದರೆ ಧಾರಾಳ.

ದೊಡ್ಡಪ್ಪ: ಸಾಮಾನಿನ ಪುಸ್ತಕದಲ್ಲಿ ಕೋಟು ಚಿಕ್ಕಪ್ಪನ ಮಗನ ಹೆಸರಿನಲ್ಲಿಯೇ ಇರಲಿ, ಆದರೆ ಒಗೆಯುವುದೂ ಒಣಗಿಸುವುದೂ ಅವನದೇ ಕೆಲಸ. ಅಂಗಳದ ಮೂಡುಬದಿಯ ಅಡಿಕೆಯನ್ನು ಬರುವ ಶನಿವಾರ ತೆಗೆಯುತ್ತೇವೆ, ಆ ಜಾಗವನ್ನು ಹತ್ತು ದಿನಗಳ ಮಟ್ಟಿಗೆ ಕೋಟಿಗೆ ಬಿಟ್ಟುಕೊಡುತ್ತೇನೆ. ಬೆಳಗ್ಗೆ ಹತ್ತರೊಳಗೆ ಬಾ. ಸಾಬೂನು ನೀನೇ ತರಬೇಕು.

ಚಿಕ್ಕಪ್ಪನ ಮಗ: ಬರುತ್ತೇನೆ, ದೊಡ್ಡಪ್ಪ. ಬೇಡವಾದ ಆ ಎರಡು ಕುಪ್ಪಿ ತುಪ್ಪ ಮನಾಲಿಗೆ ಬರಬಹುದೇ ಎಂದು ಅತ್ತೆಯನ್ನು ಕೇಳಬೇಕಾಗಿದೆ.